ಒಂದು ಚಿಕ್ಕ ಕಾಲೇಜು ಮತ್ತು ಮನಸ್ಸಿನ ಶಾಸ್ತ್ರ

ಪರೀಕ್ಷೆಯ ಫಲಿತಾಂಶಗಳು ಹೊರಬಿದ್ದು ಕಾಲೇಜುಗಳ ಬಾಗಿಲು ತೆರೆಯುವ ದಿನಗಳಲ್ಲಿ ನಮ್ಮಲ್ಲಿಗೆ ಬರುವ ಭಕ್ತರು ಬಹುತೇಕ ಒಂದೇ ಪ್ರಶ್ನೆಯನ್ನು ಹೊತ್ತು ತರುತ್ತಾರೆ. ಮಗ ಏನು ಓದಬೇಕು, ಮಗಳು ಎಲ್ಲಿ ಓದಬೇಕು ಎಂಬುದೇ ಆ ಪ್ರಶ್ನೆ. ಕಳೆದ ಬಾರಿ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಿದ್ದರು. ನಮಸ್ಕರಿಸಿ, ಸೆರಗು ಸರಿಪಡಿಸಿಕೊಂಡು ಕಟ್ಟೆಯ ಅಂಚಿನಲ್ಲಿ ಕುಳಿತು, “ಗುರುಗಳ, ನಮ್ಮ ಹುಡುಗಿ ಮನಶ್ಶಾಸ್ತ್ರ ಓದತೀನಂತ ಹಟ ಹಿಡದಾಳ್ರಿ. ಹುಚ್ಚರನ್ನ ನೋಡಿಕೊಳ್ಳೋ ವಿದ್ಯಾ ಆಕಿಗ್ಯಾಕ್ರಿ? ಅದೂ ನಮ್ಮೂರ ಸಣ್ಣ ಕಾಲೇಜಿನ್ಯಾಗ! ನೀವರ ಒಂದ ಮಾತ ಹೇಳ್ರಿ” ಎಂದರು. ಮಗಳು ತಲೆ ತಗ್ಗಿಸಿ ಕುಳಿತಿದ್ದಳು. ಆದರೆ ಆ ಮೌನದಲ್ಲಿ ಒಪ್ಪಿಗೆಯ ಲಕ್ಷಣವೇನೂ ನಮಗೆ ಕಾಣಲಿಲ್ಲ.

ತಾಯಿಯ ಮಾತಿನಲ್ಲಿ ಎರಡು ಸಂಶಯಗಳಿದ್ದವು. ಮೊದಲನೆಯದನ್ನು ಪರಿಹರಿಸುವುದು ಕಠಿಣವಲ್ಲ. ಮನೋರೋಗಗಳಿಗೆ ಔಷಧ ಕೊಡುವುದು ವೈದ್ಯಶಾಸ್ತ್ರದ ಒಂದು ಶಾಖೆ. ಮನಶ್ಶಾಸ್ತ್ರವಾದರೋ ಸ್ವಸ್ಥನಾದ ಮನುಷ್ಯನೂ ಹೇಗೆ ಕಾಣುತ್ತಾನೆ, ಹೇಗೆ ಕಲಿಯುತ್ತಾನೆ, ಏಕೆ ಮರೆಯುತ್ತಾನೆ, ಯಾವುದಕ್ಕೆ ಸಿಟ್ಟಾಗುತ್ತಾನೆ ಎಂಬುದನ್ನು ಕ್ರಮವರಿತು ಶೋಧಿಸುವ ವಿದ್ಯೆ. ಇದು ನಮ್ಮ ನಾಡಿಗೆ ಹೊಸದೂ ಅಲ್ಲ. ಲಂಡನ್ನಿನಲ್ಲಿ ವ್ಯಾಸಂಗ ಮಾಡಿ ಬಂದ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದ್ದು ೧೯೨೪ರಲ್ಲಿ. ೧೯೩೫ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರವನ್ನು ಆರಂಭಿಸಿದ ಮಹನೀಯರೂ ಅವರೇ.

ಎರಡನೆಯ ಸಂಶಯ ಆಳವಾದದ್ದು. ಚಿಕ್ಕ ಕಾಲೇಜಿನಲ್ಲಿ ದೊಡ್ಡ ವಿದ್ಯೆ ದೊರಕೀತೆ? ಇದಕ್ಕೆ ಉತ್ತರವಾಗಿ ನಾವು ಅಂದು ಅಮೆರಿಕೆಯ ಒಂದು ಹೆಣ್ಣುಮಕ್ಕಳ ಕಾಲೇಜಿನ ವೃತ್ತಾಂತವನ್ನು ಹೇಳಿದೆವು. ಅವಸರದಲ್ಲಿ ಹೇಳಿದ್ದರಿಂದ ಬಹಳಷ್ಟು ಬಿಟ್ಟುಹೋಯಿತು. ಅಂಥದೇ ಪ್ರಶ್ನೆಯಿರುವ ಮನೆಗಳು ಈ ಪತ್ರಿಕೆಯ ಓದುಗರಲ್ಲಿ ಇನ್ನೂ ಅನೇಕ ಇರಬಹುದೆಂದು ಭಾವಿಸಿ ಇಲ್ಲಿ ವಿಸ್ತಾರವಾಗಿ ಬರೆಯುತ್ತಿದ್ದೇವೆ.

ಅಮೆರಿಕೆಯ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ, ಬಾಸ್ಟನ್ ನಗರಕ್ಕೆ ಸಮೀಪದಲ್ಲಿ, ಒಂದು ಸರೋವರದ ದಡದ ಮೇಲೆ ವೆಲ್ಸ್‌ಲಿ ಎಂಬ ಕಾಲೇಜು ಇದೆ. ೧೮೭೫ರಲ್ಲಿ ಅದು ತನ್ನ ಬಾಗಿಲನ್ನು ತೆರೆಯಿತು. ಓದುವವರು ಹೆಣ್ಣುಮಕ್ಕಳು. ಕಲಿಸುವವರೂ ಹೆಚ್ಚುಕಡಿಮೆ ಎಲ್ಲರೂ ಮಹಿಳೆಯರೇ ಆಗಿರಬೇಕೆಂಬುದು ಸಂಸ್ಥಾಪಕರ ಸಂಕಲ್ಪವಾಗಿತ್ತು. ಈ ಕಾಲೇಜಿಗೆ ೧೮೮೭ರಲ್ಲಿ ಗ್ರೀಕ್ ಭಾಷೆಯನ್ನು ಕಲಿಸಲು ಮೇರಿ ವಿಟನ್ ಕಾಲ್ಕಿನ್ಸ್ ಎಂಬ ಇಪ್ಪತ್ತನಾಲ್ಕು ವಯಸ್ಸಿನ ಕನ್ಯೆಯೊಬ್ಬರು ಬಂದರು. ಐವರು ಮಕ್ಕಳಲ್ಲಿ ಹಿರಿಯರು. ತಂದೆ ಕ್ರೈಸ್ತ ಧರ್ಮೋಪದೇಶಕರು. ಸ್ಮಿತ್ ಕಾಲೇಜಿನಲ್ಲಿ ಓದುತ್ತಿದ್ದಾಗ ೧೮೮೩ರಲ್ಲಿ ತಂಗಿಯೊಬ್ಬಳು ತೀರಿಕೊಂಡಳು. ಆ ದುಃಖದಲ್ಲಿ ಒಂದು ವರ್ಷ ಮನೆಯಲ್ಲಿಯೇ ಉಳಿದು ಓದಿ, ಅನಂತರ ಪದವಿಯನ್ನು ಪಡೆದವರು ಅವರು.

ಗ್ರೀಕ್ ಕಲಿಸುತ್ತಿದ್ದ ಕಾಲ್ಕಿನ್ಸ್ ಅವರಲ್ಲಿ ಬೋಧನೆಯ ಶಕ್ತಿಯನ್ನೂ ತತ್ತ್ವಶಾಸ್ತ್ರದ ಒಲವನ್ನೂ ಕಂಡ ಕಾಲೇಜಿನ ಹಿರಿಯರು, ಅಂದು ತಾನೇ ತಲೆಯೆತ್ತುತ್ತಿದ್ದ ಮನಶ್ಶಾಸ್ತ್ರವನ್ನು ಬೋಧಿಸುವಂತೆ ಕೇಳಿದರು. ಒಂದು ವರ್ಷ ಎಲ್ಲಿಯಾದರೂ ಆ ಶಾಸ್ತ್ರವನ್ನು ಕಲಿತು ಬರಬೇಕು ಎಂಬುದು ನಿಬಂಧನೆ. ಎಲ್ಲಿ ಕಲಿಯಬೇಕು? ಮನೆಗೆ ಹತ್ತಿರವಿದ್ದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಜೇಮ್ಸ್ ಇದ್ದರು, ಜೊಸಾಯ ರಾಯ್ಸ್ ಇದ್ದರು. ಅವರಿಬ್ಬರೂ ಈ ತರುಣಿಗೆ ಕಲಿಸಲು ಸಿದ್ಧರಿದ್ದರು. ಆದರೆ ಹಾರ್ವರ್ಡ್ ಸ್ತ್ರೀಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಅದರ ಅಧ್ಯಕ್ಷರು ಮೊದಲು ಒಪ್ಪಲಿಲ್ಲ. ಆಗ ಕಾಲ್ಕಿನ್ಸ್ ಅವರ ತಂದೆ ಮನವಿಪತ್ರ ಬರೆದರು. ವೆಲ್ಸ್‌ಲಿಯ ಅಧ್ಯಕ್ಷೆಯವರು ಅದಕ್ಕೆ ಬೆಂಬಲದ ಪತ್ರವನ್ನು ಜೋಡಿಸಿದರು. ೧೮೯೦ರ ಅಕ್ಟೋಬರ್ ೧ರಂದು ಅನುಮತಿ ದೊರೆಯಿತು. ಪಾಠಗಳಿಗೆ ಬರಬಹುದು, ಆದರೆ ವಿದ್ಯಾರ್ಥಿನಿಯಾಗಿ ಅಲ್ಲ, ಅತಿಥಿಯಾಗಿ. ಮಗಳ ಓದಿಗಾಗಿ ದೊಡ್ಡ ವಿಶ್ವವಿದ್ಯಾಲಯಕ್ಕೆ ಮನವಿ ಬರೆದ ಆ ತಂದೆಯನ್ನು ನಮ್ಮ ಓದುಗರಾದ ಗೃಹಸ್ಥರು ಒಮ್ಮೆ ನೆನೆಯಬೇಕೆಂದು ನಮ್ಮ ಬಯಕೆ.

ಜೇಮ್ಸ್ ಅವರ ತರಗತಿಯಲ್ಲಿ ಮೊದಲು ಕೆಲವರು ಪುರುಷ ವಿದ್ಯಾರ್ಥಿಗಳೂ ಇದ್ದರು. ಕೆಲವೇ ದಿನಗಳಲ್ಲಿ ಅವರೆಲ್ಲರೂ ಬಿಟ್ಟುಹೋದರು. ಉಳಿದವರು ಗುರು ಮತ್ತು ಈ ಒಬ್ಬ ಅತಿಥಿ. ಗ್ರಂಥಾಲಯದ ಅಗ್ಗಿಷ್ಟಿಕೆಯ ಒಂದು ಬದಿಗೆ ಜೇಮ್ಸ್, ಇನ್ನೊಂದು ಬದಿಗೆ ಕಾಲ್ಕಿನ್ಸ್ ಕುಳಿತು ಪಾಠ ನಡೆಯುತ್ತಿತ್ತೆಂದು ಅವರೇ ತಮ್ಮ ಆತ್ಮವೃತ್ತಾಂತದಲ್ಲಿ ಸ್ಮರಿಸಿಕೊಂಡಿದ್ದಾರೆ. ಜೇಮ್ಸ್ ಅವರ ಪ್ರಸಿದ್ಧ ಗ್ರಂಥ ‘ಮನಶ್ಶಾಸ್ತ್ರದ ತತ್ತ್ವಗಳು’ ಆ ವರ್ಷವೇ ಅಚ್ಚಾಗಿ ಬಂದಿತ್ತು. ಗ್ರಂಥ ಬರೆದವರೇ ಎದುರಿಗೆ ಕುಳಿತು ಅದನ್ನು ಬಿಡಿಸಿ ಹೇಳುವುದು, ಕೇಳುವವರು ಒಬ್ಬರೇ! ಮಠದ ಪಾಠಶಾಲೆಯಲ್ಲಿ ಗುರುವಿನ ಎದುರು ಒಬ್ಬರೇ ಕುಳಿತು ಪಾಠ ಒಪ್ಪಿಸಿದ ಅನುಭವವಿರುವವರಿಗೆ ಆ ಭಾಗ್ಯದ ಬೆಲೆಯೂ ಗೊತ್ತು, ಆ ಭಯವೂ ಗೊತ್ತು. ನೂರು ಜನರ ನಡುವೆ ಅಡಗಿ ಕೂಡುವ ಅವಕಾಶ ಅಲ್ಲಿ ಇರುವುದಿಲ್ಲ.

ಅದೇ ವರ್ಷ ವೂಸ್ಟರ್ ನಗರದ ಕ್ಲಾರ್ಕ್ ವಿಶ್ವವಿದ್ಯಾಲಯದ ಎಡ್ಮಂಡ್ ಸ್ಯಾನ್‌ಫರ್ಡ್ ಅವರಿಂದ ಕಾಲ್ಕಿನ್ಸ್ ಪ್ರಯೋಗದ ವಿಧಾನವನ್ನು ಕಲಿತರು. ಗುರು ಶಿಷ್ಯರಿಬ್ಬರೂ ಸೇರಿ ತಮ್ಮ ಕನಸುಗಳನ್ನೇ ಶೋಧನೆಗೆ ಒಡ್ಡಿದರು. ವಿಧಾನ ಸರಳವಾದದ್ದು. ರಾತ್ರಿಯ ಬೇರೆಬೇರೆ ಹೊತ್ತಿಗೆ ಎಚ್ಚರವಾಗುವಂತೆ ಗಡಿಯಾರದ ಗಂಟೆಯನ್ನು ಇಟ್ಟುಕೊಳ್ಳುವುದು, ಎಚ್ಚರವಾದೊಡನೆ ನೆನಪಿನಲ್ಲಿ ಉಳಿದಷ್ಟನ್ನೂ ಬರೆದಿಡುವುದು. ಹಾಸಿಗೆಯ ಪಕ್ಕದಲ್ಲಿ ಕಾಗದ, ಪೆನ್ಸಿಲ್, ಮೇಣದ ಬತ್ತಿ, ಕಡ್ಡಿಪೆಟ್ಟಿಗೆ. ಹೀಗೆ ಏಳೆಂಟು ವಾರಗಳಲ್ಲಿ ಕಾಲ್ಕಿನ್ಸ್ ತಮ್ಮ ೨೦೫ ಕನಸುಗಳನ್ನೂ ಸ್ಯಾನ್‌ಫರ್ಡ್ ೧೭೦ ಕನಸುಗಳನ್ನೂ ದಾಖಲಿಸಿದರು. ಇಷ್ಟು ಸ್ಪಷ್ಟವಾದ ಕನಸು ಮರೆತುಹೋಗುವುದುಂಟೆ, ಬೆಳಿಗ್ಗೆ ಬರೆದರಾಯಿತು ಎಂದುಕೊಂಡು ಮಲಗಿದರೆ ಬೆಳಿಗ್ಗೆ ಕನಸಿನ ಸುಳಿವೂ ಇಲ್ಲ. ಹಾಸಿಗೆಯ ಪಕ್ಕದಲ್ಲಿ ಬರಿಯ ಬಿಳಿ ಕಾಗದ! ಈ ಸಂಗತಿಯನ್ನೂ ಅವರು ಮುಚ್ಚಿಡದೆ ಬರೆದಿದ್ದಾರೆ. ಎಚ್ಚರದಲ್ಲಿ ಕಂಡ ಜನ, ಸ್ಥಳ, ನೋಟಗಳೇ ಕನಸಿನಲ್ಲಿ ಬಹುಮಟ್ಟಿಗೆ ಮರುಕಳಿಸುತ್ತವೆ ಎಂಬುದು ಅವರ ನಿರ್ಣಯ. ೧೮೯೩ರಲ್ಲಿ ಪ್ರಕಟವಾದ ಈ ಲೇಖನವನ್ನು ಮುಂದೆ ಫ್ರಾಯ್ಡ್ ಕೂಡ ತಮ್ಮ ಕನಸುಗಳ ಗ್ರಂಥದಲ್ಲಿ ಉಲ್ಲೇಖಿಸಿದರು. ಬೆಳಗಾದರೆ ಕನಸಿನ ಫಲ ಕೇಳಲು ಓಡುವ ನಮ್ಮ ಕೆಲವು ಮನೆಗಳಲ್ಲಿ ಇಂಥದೊಂದು ಕಾಗದ ಪೆನ್ಸಿಲ್ಲನ್ನು ಇಟ್ಟು ನೋಡಿದರೆ ಫಲ ಹೇಳುವವರಿಗೆ ಗಿರಾಕಿಗಳು ಕಡಿಮೆಯಾಗಬಹುದು.

೧೮೯೧ರ ಶರತ್ಕಾಲದಲ್ಲಿ ಕಾಲ್ಕಿನ್ಸ್ ವೆಲ್ಸ್‌ಲಿಗೆ ಮರಳಿ ಮನಶ್ಶಾಸ್ತ್ರದ ಪ್ರಯೋಗಶಾಲೆಯನ್ನು ತೆರೆದರು. ಇಡೀ ಅಮೆರಿಕೆಯಲ್ಲಿ ಅಂಥ ಪ್ರಯೋಗಶಾಲೆಗಳು ಅಂದು ಬೆರಳೆಣಿಕೆಯಷ್ಟಿದ್ದವು. ಮಹಿಳಾ ಕಾಲೇಜೊಂದರಲ್ಲಿ ಇದೇ ಮೊದಲನೆಯದು. ಆ ಮೊದಲ ವರ್ಷವೇ ಐವತ್ತಕ್ಕೂ ಹೆಚ್ಚು ವಿದ್ಯಾರ್ಥಿನಿಯರು ತರಗತಿಗೆ ಸೇರಿದರು. ಅವರು ಕುರಿಯ ಮಿದುಳನ್ನು ಬಿಡಿಸಿ ಅದರ ರಚನೆಯನ್ನು ಅಭ್ಯಾಸ ಮಾಡಿದರು. (ನಮ್ಮ ಓದುಗರಲ್ಲಿ ಅನೇಕರಿಗೆ ಇದು ಅಪ್ರಿಯವೆನಿಸೀತು, ಆ ಹುಡುಗಿಯರಲ್ಲಿಯೂ ಅಳುಕಿದವರು ಇದ್ದಿರಲಾರರೆಂದು ನಾವು ಹೇಳಲಾರೆವು.) ಅನಂತರ ಇಂದ್ರಿಯಗಳ ಸಂವೇದನೆ, ನೆನಪು, ಒಂದು ಸಂಜ್ಞೆ ಕಂಡೊಡನೆ ಕೈ ಚಲಿಸಲು ಬೇಕಾಗುವ ಕಾಲ ಮೊದಲಾದವುಗಳನ್ನು ಒಬ್ಬರು ಇನ್ನೊಬ್ಬರ ಮೇಲೆ ಪ್ರಯೋಗಿಸಿ ನೋಡಿದರು. ಇಲ್ಲಿ ಗಮನಿಸಬೇಕಾದ ಒಂದು ವಿಶೇಷವಿದೆ. ರಸಾಯನಶಾಸ್ತ್ರದ ವಿದ್ಯಾರ್ಥಿ ಗಾಜಿನ ನಳಿಗೆಯಲ್ಲಿರುವ ದ್ರವವನ್ನು ನೋಡುತ್ತಾನೆ. ಈ ಪ್ರಯೋಗಶಾಲೆಯಲ್ಲಿ ಹುಡುಗಿಯು ತಾನೇ ನೋಡುವವಳೂ ಹೌದು, ನೋಡಲ್ಪಡುವವಳೂ ಹೌದು. ಶಬ್ದವನ್ನು ಕೇಳಿದಾಗ ಬಣ್ಣ ಕಾಣುವವರು ನಿಮ್ಮಲ್ಲಿ ಯಾರಾದರೂ ಇದ್ದೀರಾ ಎಂದು ಕಾಲ್ಕಿನ್ಸ್ ಕಾಲೇಜಿನ ವಿದ್ಯಾರ್ಥಿನಿಯರನ್ನೆಲ್ಲ ವಿಚಾರಿಸಿದರು. ಅಂಥವರು ಇದ್ದರು! ಹೇಳಿದರೆ ನಗುತ್ತಾರೆಂದು ಅಲ್ಲಿಯವರೆಗೆ ಸುಮ್ಮನಿದ್ದವರೂ ಅವರಲ್ಲಿ ಇದ್ದಿರಬೇಕು. ಅವರ ಅನುಭವಗಳು ಶಾಸ್ತ್ರೀಯ ಪತ್ರಿಕೆಯ ಪುಟಗಳಿಗೆ ಸೇರಿದವು.

ಈ ವೃತ್ತಾಂತದಲ್ಲಿ ನಮಗೆ ಅತ್ಯಂತ ಪ್ರಿಯವಾದ ಘಟನೆಯನ್ನು ಈಗ ಹೇಳುತ್ತೇವೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೋಸೆಫ್ ಜಾಸ್ಟ್ರೊ ಎಂಬ ಪ್ರಾಧ್ಯಾಪಕರು ೧೮೯೧ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದ್ದರು. ೨೫ ಜನ ತರುಣರಿಗೂ ೨೫ ಜನ ತರುಣಿಯರಿಗೂ ಮನಸ್ಸಿಗೆ ತೋಚಿದ ೧೦೦ ಪದಗಳನ್ನು ಆದಷ್ಟು ಬೇಗ ಬರೆಯಲು ಹೇಳಿ, ಆ ಪಟ್ಟಿಗಳನ್ನು ಅವರು ಹೋಲಿಸಿದರು. ಹೆಣ್ಣುಮಕ್ಕಳ ಪದಗಳು ಒಬ್ಬರದು ಇನ್ನೊಬ್ಬರದರಂತೆಯೇ ಇರುತ್ತವೆ. ಹೆಣ್ಣಿನ ಗಮನ ಸಮೀಪದ ವಸ್ತುಗಳಲ್ಲಿ, ಅಲಂಕಾರದಲ್ಲಿ, ಬಿಡಿಬಿಡಿಯಾದ ಸಂಗತಿಗಳಲ್ಲಿ ನೆಲೆಸುತ್ತದೆ. ಪುರುಷನ ಮನಸ್ಸು ದೂರದ್ದನ್ನೂ ಉಪಯುಕ್ತವಾದದ್ದನ್ನೂ ಅಮೂರ್ತವಾದದ್ದನ್ನೂ ಚಿಂತಿಸುತ್ತದೆ ಎಂದು ಅವರು ನಿರ್ಣಯಿಸಿದರು. ದೊಡ್ಡ ವಿದ್ಯಾಪೀಠ, ಅಂಕಿಸಂಖ್ಯೆಗಳ ಆಧಾರ, ಅಲ್ಲಗಳೆಯುವವರು ಯಾರು?

ಅಲ್ಲಗಳೆದವಳು ವೆಲ್ಸ್‌ಲಿಯ ಪ್ರಯೋಗಶಾಲೆಯ ಒಬ್ಬ ವಿದ್ಯಾರ್ಥಿನಿ. ಹೆಸರು ಕಾರ್ಡೀಲಿಯ ನೆವರ್ಸ್. ವಾದಕ್ಕೆ ಪ್ರತಿವಾದ ಹೂಡುವ ಬದಲು ಆಕೆ ಅದೇ ಪ್ರಯೋಗವನ್ನು ಅದೇ ರೀತಿಯಲ್ಲಿ ತನ್ನ ಕಾಲೇಜಿನ ಹುಡುಗಿಯರ ಮೇಲೆ ಮಾಡಿ ನೋಡಿದಳು. ಫಲಿತಾಂಶ ಜಾಸ್ಟ್ರೊ ಅವರದಕ್ಕೆ ಹೊಂದಲಿಲ್ಲ. ಕೆಲವೆಡೆ ತದ್ವಿರುದ್ಧವಾಗಿಯೇ ಬಂದಿತು. ೧೮೯೫ರಲ್ಲಿ ಅದು ಪ್ರಕಟವಾಯಿತು. ಜಾಸ್ಟ್ರೊ ಉತ್ತರ ಕೊಟ್ಟರು. ಆಗ ಕಾಲ್ಕಿನ್ಸ್ ಶಿಷ್ಯೆಯ ಪರವಾಗಿ ಮುಂದೆ ಬಂದು ಚರ್ಚೆಯ ಬುಡವನ್ನೇ ಹಿಡಿದರು. ಹುಟ್ಟಿದಂದಿನಿಂದ ಗಂಡಿಗೊಂದು ಹೆಣ್ಣಿಗೊಂದು ಶಿಕ್ಷಣ, ಒಂದು ರೂಢಿ, ಒಂದು ಪರಿಸರ ಇರುವಾಗ, ಅವರ ಮನಸ್ಸುಗಳಲ್ಲಿ ಕಾಣುವ ಭೇದ ಹುಟ್ಟಿನಿಂದ ಬಂದದ್ದೋ ರೂಢಿಯಿಂದ ಬಂದದ್ದೋ ಎಂಬುದನ್ನು ಇಂಥ ಪಟ್ಟಿಗಳಿಂದ ಬೇರ್ಪಡಿಸಿ ಹೇಳುವುದು ಸಾಧ್ಯವೇ ಇಲ್ಲ ಎಂಬುದು ಅವರ ವಾದದ ಸಾರ. ಒಂದು ವಿಶ್ವವಿದ್ಯಾಲಯದ ಪ್ರಾಧ್ಯಾಪಕರನ್ನು ಚಿಕ್ಕ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ಪತ್ರಿಕೆಯಲ್ಲಿ ಎದುರಿಸಲು ಶಕ್ತಳಾದದ್ದು ಹೇಗೆ? ಆಕೆಗೆ ಪ್ರಯೋಗದ ವಿಧಾನ ಗೊತ್ತಿತ್ತು, ಮತ್ತು ಬೆನ್ನಿಗೆ ಗುರು ಇದ್ದರು.

ಈ ನಡುವೆ ಗುರುವಿನ ಓದೂ ನಿಂತಿರಲಿಲ್ಲ. ಜರ್ಮನಿಯಿಂದ ಹಾರ್ವರ್ಡಿಗೆ ಬಂದ ಹ್ಯೂಗೊ ಮ್ಯೂನ್‌ಸ್ಟರ್‌ಬರ್ಗ್ ಅವರ ಪ್ರಯೋಗಶಾಲೆಯಲ್ಲಿ, ಮತ್ತೆ ಅತಿಥಿಯಾಗಿಯೇ, ಕಾಲ್ಕಿನ್ಸ್ ನೆನಪಿನ ಮೇಲೆ ಸಂಶೋಧನೆ ನಡೆಸಿದರು. ಒಂದು ಬಣ್ಣವನ್ನು ತೋರಿಸಿ ಅದರೊಡನೆ ಒಂದು ಅಂಕಿಯನ್ನು ತೋರಿಸುವುದು, ಹೀಗೆ ಹಲವು ಜೋಡಿಗಳನ್ನು ತೋರಿಸಿದ ಮೇಲೆ ಬಣ್ಣವನ್ನು ಮಾತ್ರ ತೋರಿಸಿ ಅಂಕಿಯನ್ನು ಕೇಳುವುದು ಅವರು ಕಂಡುಹಿಡಿದ ವಿಧಾನ. ಕಣ್ಸೆಳೆಯುವಂತೆ ತೋರಿಸಿದ್ದಕ್ಕಿಂತಲೂ ಮತ್ತೆ ಮತ್ತೆ ತೋರಿಸಿದ್ದು ಹೆಚ್ಚು ನೆನಪಿನಲ್ಲಿ ಉಳಿಯುತ್ತದೆಂದು ಅವರಿಗೆ ತಿಳಿದುಬಂತು. ಜೋಡಿ ಪದಗಳ ಈ ವಿಧಾನವನ್ನು ಮನಶ್ಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಕಲಿಯುತ್ತಾರೆ. ಅದನ್ನು ಯಾರು ಕಂಡುಹಿಡಿದರೆಂಬುದನ್ನು ಹೆಚ್ಚಿನವರು ಅರಿಯರು.

೧೮೯೫ರ ಮೇ ೨೮ರಂದು ಹಾರ್ವರ್ಡಿನ ತತ್ತ್ವಶಾಸ್ತ್ರ ವಿಭಾಗದ ಪ್ರಾಧ್ಯಾಪಕರು ಕಾಲ್ಕಿನ್ಸ್ ಅವರಿಗೆ ಡಾಕ್ಟರೇಟ್ ಪರೀಕ್ಷೆಗೆ ಸಮಾನವಾದ ಪರೀಕ್ಷೆಯನ್ನು ಅನಧಿಕೃತವಾಗಿ ನಡೆಸಿದರು. ಜೇಮ್ಸ್ ಅವರಂಥವರೂ ತಾವು ಕಂಡ ಪರೀಕ್ಷೆಗಳಲ್ಲೆಲ್ಲ ಇದು ಅತ್ಯುಜ್ವಲವಾದದ್ದೆಂದು ಕೊಂಡಾಡಿದರು. ಪದವಿಗೆ ಬೇಕಾದ ಎಲ್ಲವನ್ನೂ ಇವರು ಪೂರೈಸಿದ್ದಾರೆಂದು ವಿಭಾಗವು ಆಡಳಿತಕ್ಕೆ ತಿಳಿಸಿತು. ಆಡಳಿತವು ಪದವಿ ಕೊಡಲಿಲ್ಲ. ಕಾರಣ ಒಂದೇ, ಪರೀಕ್ಷೆಗೆ ಕುಳಿತವರು ಹೆಣ್ಣು.

ಇಲ್ಲಿ ನಮಗೆ ಶೂನ್ಯಸಂಪಾದನೆಯ ಪ್ರಸಂಗವೊಂದು ನೆನಪಾಗದಿರದು. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ನಿಷ್ಠುರವಾದ ಪ್ರಶ್ನೆಗಳಿಂದ ಪರೀಕ್ಷಿಸುತ್ತಾರೆ. ಉತ್ತರಗಳು ಸಮರ್ಪಕವಾದ ಮೇಲೆ ಆ ಶರಣ ಸಮೂಹ ಆಕೆಯನ್ನು ತಮ್ಮವಳೆಂದು ಸ್ವೀಕರಿಸುತ್ತದೆ, ಗೌರವಿಸುತ್ತದೆ. ಹಾರ್ವರ್ಡಿನಲ್ಲಿ ಪ್ರಶ್ನೆ ಕೇಳಿದವರು ಒಪ್ಪಿದರು, ಬಾಗಿಲು ಕಾಯುವವರು ಒಪ್ಪಲಿಲ್ಲ. ಆದರೆ ಇದನ್ನು ಹೇಳಿ ನಾವು ಎದೆಯುಬ್ಬಿಸುವಂತಿಲ್ಲ. ಅಕ್ಕನನ್ನು ಪೂಜಿಸುತ್ತಲೇ ನಮ್ಮ ಮನೆಯ ಹೆಣ್ಣುಮಕ್ಕಳನ್ನು ಎಷ್ಟು ತಲೆಮಾರುಗಳ ಕಾಲ ಅಕ್ಷರದಿಂದ ದೂರವಿಟ್ಟೆವೆಂಬುದನ್ನು ಪ್ರತಿ ಮನೆಯ ಅಜ್ಜಿಯರೂ ಬಲ್ಲರು.

ಏಳು ವರ್ಷಗಳ ಅನಂತರ, ೧೯೦೨ರಲ್ಲಿ, ಒಂದು ಮಧ್ಯಮ ಮಾರ್ಗ ಬಂದಿತು. ಹಾರ್ವರ್ಡಿಗೆ ಹೊಂದಿಕೊಂಡಿದ್ದ ಮಹಿಳೆಯರ ರ‍್ಯಾಡ್‌ಕ್ಲಿಫ್ ಕಾಲೇಜಿನಿಂದ ಡಾಕ್ಟರೇಟ್ ಪಡೆಯಬಹುದೆಂದು ಕಾಲ್ಕಿನ್ಸ್ ಅವರಿಗೂ ಇನ್ನು ಕೆಲವು ವಿದುಷಿಯರಿಗೂ ಸೂಚನೆ ಹೋಯಿತು. ಇತರರು ಸ್ವೀಕರಿಸಿದರು. ಮ್ಯೂನ್‌ಸ್ಟರ್‌ಬರ್ಗ್ ಅವರೂ ಸ್ವೀಕರಿಸೆಂದು ಒತ್ತಾಯಿಸಿದರು. ಕಾಲ್ಕಿನ್ಸ್ ಒಪ್ಪಲಿಲ್ಲ. ಪದವಿಯನ್ನು ತೆಗೆದುಕೊಳ್ಳುವುದು ಎಷ್ಟೋ ಸುಲಭ, ತೆಗೆದುಕೊಂಡ ಸೋದರಿಯರ ಪಾಂಡಿತ್ಯದ ಬಗ್ಗೆ ತಮಗೆ ಪೂರ್ಣ ಗೌರವವಿದೆ, ಆದರೆ ಇದರಿಂದ ವಿದ್ಯೆಯ ಉನ್ನತ ಆದರ್ಶಕ್ಕೆ ಹಿತವಾಗದೆಂದು ತಾವು ನಂಬಿರುವುದಾಗಿ ಅವರು ವಿನಯದಿಂದಲೇ ಉತ್ತರಿಸಿದರು. ಅವರು ಓದಿದ್ದು ಹಾರ್ವರ್ಡಿನಲ್ಲಿ, ಪರೀಕ್ಷಿಸಿದವರು ಹಾರ್ವರ್ಡಿನ ಗುರುಗಳು. ಪದವಿ ಮಾತ್ರ ಬೇರೊಂದು ಮನೆಯ ಹಿತ್ತಲ ಬಾಗಿಲಿನಿಂದ ಏಕೆ ಬರಬೇಕು?

ಇದು ವ್ಯಾವಹಾರಿಕ ಜಾಣತನವಲ್ಲವೆಂದು ಕೆಲವರು ಹೇಳಿಯಾರು. ಸ್ವೀಕರಿಸಿದವರದು ತಪ್ಪೆಂದು ನಾವೂ ಹೇಳುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಅಗತ್ಯ. ಆದರೂ ಕಾಲ್ಕಿನ್ಸ್ ಅವರ ನಿರಾಕರಣೆಯಲ್ಲಿ ಒಂದು ಲೆಕ್ಕಾಚಾರವೂ ಅಡಗಿದೆಯೆಂದು ನಮಗೆ ತೋರುತ್ತದೆ. ಅವರು ಒಪ್ಪಿಕೊಂಡಿದ್ದರೆ ಹಾರ್ವರ್ಡಿನ ಮೇಲಿದ್ದ ಸಾಲ ತೀರಿದಂತಾಗುತ್ತಿತ್ತು. ೧೯೨೭ರಲ್ಲಿ ಹಾರ್ವರ್ಡಿನ ಹಳೆಯ ವಿದ್ಯಾರ್ಥಿಗಳಾದ ಹದಿಮೂರು ಜನ ವಿದ್ವಾಂಸರು ಆ ಪದವಿಯನ್ನು ಈಗಲಾದರೂ ಕೊಡಿರೆಂದು ಬರೆದುಕೊಂಡಾಗಲೂ ಅದು ತಿರಸ್ಕೃತವಾಯಿತು. ಅಷ್ಟರಲ್ಲಿ ಲೋಕ ತನ್ನ ತೀರ್ಪನ್ನು ಕೊಟ್ಟಾಗಿತ್ತು. ೧೯೦೩ರಲ್ಲಿ ವಿದ್ವಾಂಸರೇ ಸೇರಿ ಅಮೆರಿಕೆಯ ೫೦ ಮಂದಿ ಮನೋವಿಜ್ಞಾನಿಗಳನ್ನು ಕ್ರಮವಾಗಿ ಎಣಿಸಿದಾಗ ಕಾಲ್ಕಿನ್ಸ್ ೧೨ನೆಯವರಾಗಿದ್ದರು. ೧೯೦೫ರಲ್ಲಿ ಅಮೆರಿಕೆಯ ಮನಶ್ಶಾಸ್ತ್ರ ಸಂಘಕ್ಕೂ ೧೯೧೮ರಲ್ಲಿ ತತ್ತ್ವಶಾಸ್ತ್ರ ಸಂಘಕ್ಕೂ ಅಧ್ಯಕ್ಷರಾದರು. ಎರಡರಲ್ಲೂ ಆ ಪೀಠವೇರಿದ ಮೊದಲ ಮಹಿಳೆ ಅವರೇ.

೧೯೦೫ರ ಸುಮಾರಿಗೆ ನ್ಯೂಯಾರ್ಕಿನಿಂದ ದೊಡ್ಡ ಹುದ್ದೆಯ ಕರೆಯೂ ಬಂದಿತ್ತು. ವೃದ್ಧ ತಂದೆತಾಯಿಗಳನ್ನು ಬಿಟ್ಟು ಹೋಗಲು ಅಥವಾ ಅವರನ್ನು ನೆಲೆ ತಪ್ಪಿಸಲು ಮನಸ್ಸಾಗದೆ ಆ ಕರೆಯನ್ನು ಬಿಟ್ಟರು. ನ್ಯೂಟನ್ ಎಂಬ ಊರಿನಲ್ಲಿದ್ದ ತಂದೆಯ ಮನೆಯೇ ಕಡೆಯವರೆಗೂ ಅವರ ಮನೆ. ಪ್ರಯೋಗಶಾಲೆಯ ಭಾರವನ್ನು ೧೮೯೮ರಲ್ಲಿಯೇ ಎಲೆನರ್ ಗ್ಯಾಂಬಲ್ ಎಂಬ ಕಿರಿಯ ಸಹೋದ್ಯೋಗಿಗೆ ಒಪ್ಪಿಸಿ, ತಾವು ತಮಗೆ ಪ್ರಿಯವಾದ ಚಿಂತನೆಯ ಕಡೆಗೆ ತಿರುಗಿದರು.

ಆ ಚಿಂತನೆಯ ಕೇಂದ್ರ ‘ತಾನು’. ಮನಶ್ಶಾಸ್ತ್ರವೆಂದರೆ ಬಿಡಿಬಿಡಿಯಾದ ಸಂವೇದನೆಗಳ, ಆಲೋಚನೆಗಳ ಪಟ್ಟಿಯಲ್ಲ; ಅವೆಲ್ಲ ಯಾರಿಗೆ ಆಗುತ್ತವೆಯೋ ಆ ‘ತಾನು’ ಇಲ್ಲದೆ ಮನಸ್ಸಿನ ಮಾತೇ ಇಲ್ಲ. ಆ ‘ತಾನು’ ಬದಲಾಗುತ್ತಲೂ ಉಳಿಯುತ್ತದೆ, ಇನ್ನೊಂದರಂತಿರುವುದಿಲ್ಲ, ಮತ್ತು ಸದಾ ಇತರರೊಡನೆ ಸಂಬಂಧದಲ್ಲಿಯೇ ಇರುತ್ತದೆ ಎಂದು ಅವರು ಪ್ರತಿಪಾದಿಸಿದರು. ಮುಂದೆ ವಾಟ್ಸನ್ ಮೊದಲಾದವರು ಮನಸ್ಸೇ ಬೇಡ, ವರ್ತನೆಯನ್ನಷ್ಟೇ ಅಳೆಯೋಣವೆಂದು ಹೊರಟಾಗಲೂ ಅವರು ತಮ್ಮ ಪಕ್ಷವನ್ನು ಬಿಡಲಿಲ್ಲ. ವಚನಗಳನ್ನು ಓದಿದವರಿಗೆ ಇದು ಪರಿಚಿತ ದನಿಯಂತೆ ಕೇಳಿಸುವುದು ಸಹಜ. ಆದರೆ ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತೆಂದು ಪುಸ್ತಕ ಮುಚ್ಚಿಡುವ ಅಭ್ಯಾಸವನ್ನು ನಾವು ಬಲವಾಗಿ ವಿರೋಧಿಸುತ್ತೇವೆ. ಶರಣರದು ಶಿವನೊಡನೆ ಒಂದಾಗುವ ಸಾಧನೆ, ಕಾಲ್ಕಿನ್ಸ್ ಅವರದು ವಿಜ್ಞಾನದೊಳಗಿನ ವಾದ. ಎರಡನ್ನೂ ಕಲಸಿದರೆ ಎರಡೂ ಕೆಡುತ್ತವೆ.

ಇನ್ನೊಂದು ಪ್ರಸಂಗವನ್ನು ಬಿಡಲಾಗದು. ಮೊದಲ ಮಹಾಯುದ್ಧದ ಕಾಲದಲ್ಲಿ ವೆಲ್ಸ್‌ಲಿಯ ಅರ್ಥಶಾಸ್ತ್ರದ ಪ್ರಾಧ್ಯಾಪಕಿ ಎಮಿಲಿ ಬಾಲ್ಚ್ ಯುದ್ಧವನ್ನು ವಿರೋಧಿಸಿದ್ದಕ್ಕಾಗಿ ಕಾಲೇಜು ಅವರ ನೇಮಕವನ್ನು ಮುಂದುವರಿಸಲಿಲ್ಲ. ತಮ್ಮ ಅಭಿಪ್ರಾಯವೂ ಅದೇ ಆಗಿರುವುದರಿಂದ ತಮ್ಮ ರಾಜೀನಾಮೆಯನ್ನೂ ಸ್ವೀಕರಿಸಬೇಕೆಂದು ಕಾಲ್ಕಿನ್ಸ್ ಮುಂದಾದರು. ಅದನ್ನು ಸ್ವೀಕರಿಸಲಿಲ್ಲ. ಚಿಕ್ಕ ಕಾಲೇಜುಗಳೆಲ್ಲ ಋಷ್ಯಾಶ್ರಮಗಳೆಂದು ಯಾರೂ ಭ್ರಮಿಸದಿರಲೆಂದೇ ಇದನ್ನು ಹೇಳಿದೆವು. ಬಾಲ್ಚ್ ಅವರಿಗೆ ೧೯೪೬ರಲ್ಲಿ ಶಾಂತಿಯ ನೊಬೆಲ್ ಪಾರಿತೋಷಕ ಬಂದಿತು. ಅದನ್ನು ಕಾಣಲು ಕಾಲ್ಕಿನ್ಸ್ ಇರಲಿಲ್ಲ. ೧೯೨೯ರಲ್ಲಿ ನಿವೃತ್ತರಾದ ಅವರು ೧೯೩೦ರ ಫೆಬ್ರವರಿಯಲ್ಲಿ ತೀರಿಕೊಂಡಿದ್ದರು.

ಇಷ್ಟನ್ನೂ ಕೇಳಿದ ಮೇಲೆ ಆ ತಾಯಿ ಬಹಳ ಹೊತ್ತು ಮಾತನಾಡಲಿಲ್ಲ. ಮಗಳು ಮಾತ್ರ ಜಾಸ್ಟ್ರೊ ಅವರ ನೂರು ಪದಗಳ ಪ್ರಯೋಗ ಹೇಗೆಂದು ಮತ್ತೊಮ್ಮೆ ಕೇಳಿ ತಿಳಿದುಕೊಂಡಳು. ಎಂಟು ದಿನಗಳ ಅನಂತರ ಇಬ್ಬರೂ ಮತ್ತೆ ಬಂದರು. ಹುಡುಗಿ ಊರಿನ ಆ ಚಿಕ್ಕ ಕಾಲೇಜಿಗೆ ಹೆಸರು ಹಚ್ಚಿಯಾಗಿತ್ತು. ಮನೆಯಲ್ಲಿ ತಾನು, ಅಣ್ಣ, ತಾಯಿ ಮೂವರೂ ಬರೆದ ಪಟ್ಟಿಗಳನ್ನು ನಮ್ಮ ಮುಂದಿಟ್ಟಳು. ಅಣ್ಣನದು ಮತ್ತು ತಂಗಿಯದು ನೂರು ತುಂಬಿದ್ದವು. ತಾಯಿಯದು ಒಲೆ, ಹಾಲು, ಮೊಸರು, ಕಸಬರಿಗೆ ಎಂದು ಆರಂಭವಾಗಿ ಅರವತ್ತೆರಡಕ್ಕೆ ನಿಂತಿತ್ತು. ಕೊನೆಯ ಪದ ‘ಸಾಲಿ’. ಐದನೆಯ ಇಯತ್ತೆಗೇ ತಮ್ಮನ್ನು ಶಾಲೆ ಬಿಡಿಸಿದರೆಂದು ಅವರು ಮೊದಲ ಸಲ ಹೇಳಿದ್ದು ಆಗ. “ಉಳಿದದ್ದು ಬರೀತೀನ್ರಿ” ಎಂದು ಕಾಗದವನ್ನು ಮಡಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು.